ಲಾರಸ್ ಬಾಯು ಆರ್ಕೆಸ್ಟ್ರಾದ ಏಳು ಮಂದಿ

ಈ ಗಸ್ತಿನ ಗುಡಿಸಲಲ್ಲಿ ಕೂತು ಹೇಳೋ ಕತೆಗಳಲ್ಲಿ ಅರ್ಧಕ್ಕರ್ಧ ಬುರುಡೆ ಅಂತ ನನಗೂ ಗೊತ್ತು. ನಾನೂ ಬಿಟ್ಟಿದೀನಿ. ಇದು ಮಾತ್ರ ಆ ಲೆಕ್ಕದ್ದಲ್ಲ. ಇದು ನಮ್ಮ ಚಿಕ್ಕಪ್ಪನ ಮಗ ವಾಸಿಸ್‌ಗೆ ಆದದ್ದು. ಸ್ವಲ್ಪ ನನ್ನ ಕಣ್ಣೆದುರಿಗೇ ಆದದ್ದು.

ದೀಪ ಸಣ್ಣಗೆ ಮಾಡಪ್ಪ... ಹ್ಞಾಂ, ಸಾಕು.

ಅವತ್ತು ವಾಸಿಸ್ ಮದುವೆ ಕಾರ್ಯಕ್ರಮ ಮುಗಿಸಿಕೊಂಡು ಬರ್ತಿದ್ದ. ರಾತ್ರಿ ಒಂದೂವರೆ ಆಗಿತ್ತು. ಆರ್ಕೆಸ್ಟ್ರಾದ ಗಾಡಿ ಅವನನ್ನ ಡಾಂಬರು ರಸ್ತೆಯಲ್ಲೇ ಇಳಿಸಿ ಹೋಯ್ತು. ಅಲ್ಲಿಂದ ಊರಿಗೆ ಎರಡು ಕಿಲೋಮೀಟರು. ಎಡಕ್ಕೂ ಬಲಕ್ಕೂ ಈರುಳ್ಳಿ ಹೊಲ. ಗಾಳಿ ಇತ್ತು. ನಮ್ಮ ಕಡೆ ಗಾಳಿ ಯಾವತ್ತಿಲ್ಲ ಹೇಳಿ. ಕೊಳಲು ಬಟ್ಟೆಚೀಲದಲ್ಲಿ, ಚೀಲ ಹೆಗಲಲ್ಲಿ. ಆಲದ ಮರದ ಹತ್ತಿರ ಬಂದ. ಅದರ ಬುಡದಲ್ಲಿರೋ ಹಳೇ ಬಾವಿ ನಿಮಗೆಲ್ಲ ಗೊತ್ತು.

ಮರದಲ್ಲಿ ಒಂದು ಹಲ್ಲಿ ಕೂಗ್ತಿತ್ತು... ತೊಕ್ಕೇ... ತೊಕ್ಕೇ... ಮೂರನೇದು ಅರ್ಧಕ್ಕೇ ನಿಂತುಹೋಯ್ತು.

ಆಮೇಲೆ...

ದಂಗ್.

ಬಾವಿಯ ಕೊಡ ಗೋಡೆಗೆ ತಾಗಿರಬೇಕು ಅಂದುಕೊಂಡ. ನಡೆದ.

ದಂಗ್.

ಕಾಲು ತಾನಾಗಿ ನಿಂತಿತು. ಅದು ಕೆಂದಾಂಗ್. ನಮ್ಮ ಜೋಡಿ ಡೋಲು. ಅದರಲ್ಲಿ 'ದಂಗ್' ಅಂತ ಬಡಿದ ಮೇಲೆ 'ದುತ್' ಬರಲೇಬೇಕು. ಬಲಗೈಯಲ್ಲಿ ದಂಗ್, ಎಡಗೈ ಒತ್ತಿ ಜಾರಿಸಿದರೆ ದುತ್. ನಮ್ಮ ಸಂಗೀತಕ್ಕೆ ದಂಗ್‌ದುತ್ ಅಂತ ಹೆಸರು ಬಂದದ್ದೇ ಆ ಎರಡು ಕೈಯಿಂದ. ವಾಸಿಸ್ ಕಾದ. ದುತ್ ಬರಲಿಲ್ಲ. ಮತ್ತೆ... ದಂಗ್. ಖಾಲಿ. ದಂಗ್. ಖಾಲಿ.

ಆಮೇಲೆ ತಾಳದ ಗೆಜ್ಜೆ, ಚಿಲ್ ಚಿಲ್ ಅಂತ ಒಂದು ಸಲ. ಗಿಟಾರಿನ ತಂತಿ ಬಿಗಿ ಮಾಡೋ ಸದ್ದು, ಟಿಂ... ಟೀಂ... ಟೀಂಯ್. ಕಡೆಗೆ ಕೊಳಲಿಗೆ ಊದಿದ ಬರೀ ಉಸಿರು. ಫೂ... ಫೂ... ಎರಡೇ ಸಲ, ಸ್ವರ ಇಲ್ಲ.

ಹಾಗೆ ನುಡಿಸೋ ಮುಂಚೆ ಎರಡು ಸಲ ಖಾಲಿ ಉಸಿರು ಊದೋನು ಈ ಸೀಮೆಗೆಲ್ಲ ಒಬ್ಬನೇ. ಮುಂದಿರ್. ವಾಸಿಸ್‌ಗೆ ಕೊಳಲು ಕಲಿಸಿದ ಗುರು.

ಮುಂದಿರ್‌ನ ಮಣ್ಣು ಮಾಡಿ ಆಗಲೇ ನಾಲ್ಕು ತಿಂಗಳಾಗಿತ್ತು.

ಇಲ್ಲಿ ಸ್ವಲ್ಪ ತಡೀರಿ. ಹಿಂದಿನದು ಹೇಳದಿದ್ದರೆ ಮುಂದಿನದು ತಿಳಿಯಲ್ಲ.

ಲಾರಸ್ ಬಾಯು ಆರ್ಕೆಸ್ಟ್ರಾ ಕಟ್ಟಿದ್ದು ಪಾಕ್ ದರ್ಸೊ. ಅಪ್ಪ ಅನ್ನೋ ಹಾಗೆ ನಾವೆಲ್ಲ ಪಾಕ್ ಅಂತಿದ್ವಿ. ಅವರು ಮೀಸೆ ಮೂಡೋ ವಯಸ್ಸಲ್ಲಿ ಶುರು ಮಾಡಿದಾಗ ಒಂದು ಅಕಾರ್ಡಿಯನ್, ಒಂದು ಪಿಟೀಲು, ಒಂದು ಹಳೇ ಡೋಲು, ಅಷ್ಟೇ. ಪಿಟೀಲಿನವನು ಸೈನ್ಯಕ್ಕೆ ಸೇರಿದ. ಅಕಾರ್ಡಿಯನ್ನಿನವನಿಗೆ ಹೊಲದಲ್ಲಿ ಹಾವು ಕಚ್ಚಿತು. ಕರೆಂಟ್ ಗಿಟಾರ್ ಬಂತು, ಕೀಬೋರ್ಡ್ ಬಂತು. ಬ್ಲಿತಾರ್ ಕಡೆ ಹುಡುಗಿಯನ್ನ ಮದುವೆಯಾಗಿ ಒಬ್ಬ ಹೋದ, ಜಗಳವಾಡಿಕೊಂಡು ಇನ್ನೊಬ್ಬ ಹೋದ. ಹೆಸರು ಅದೇ, ಜನ ಬೇರೆ. ಎಲ್ಲ ಆರ್ಕೆಸ್ಟ್ರಾಗಳ ಹಣೆಬರಹವೂ ಅಷ್ಟೇ.

ಆದರೆ ದರ್ಸೊ ಒಂದು ನೇಮ ಇಟ್ಟಿದ್ದರು. ಬಿಟ್ಟು ಹೋಗೋನು ಕಡೇ ದಿನ ವೇದಿಕೆ ಮೇಲೆ ನಿಲ್ಲಬೇಕು. ಹೊಸಬನ ಹೆಗಲ ಮೇಲೆ ಕೈಯಿಟ್ಟು, "ಇನ್ನು ನನ್ನ ಜಾಗ ಇವನದು" ಅಂತ ಮೈಕಲ್ಲಿ ಹೇಳಬೇಕು. ಜಗಳವಾಡಿ ಹೋದವನನ್ನೂ ಬಸ್ ಸ್ಟ್ಯಾಂಡಿನಿಂದ ಎಳೆದು ತಂದು ಹೇಳಿಸಿದ್ದರು. ಬೈಕೊಂಡೇ ಹೇಳಿದ, ಆದರೆ ಹೇಳಿದ.

ಹೀಗೆ ಬಂದು ಹೋಗಿ, ಕೊನೆಗೆ ಒಂದು ತಂಡ ನಿಂತಿತು. ಲೀಡ್ ಗಿಟಾರ್ ತುಕಿರಾನ್. ರಿದಮ್ ಗಿಟಾರ್ ಜಾಯಿಸ್, ಅವನು ಕೆದಿರಿಯಲ್ಲಿ ಉದ್ದ ಕೂದಲು ಬಿಟ್ಟುಕೊಂಡು ರಾಕ್ ಬ್ಯಾಂಡಲ್ಲಿದ್ದೋನು. ಬೇಸ್ ಲೆಗಿಮಾನ್. ಕೀಬೋರ್ಡ್ ಹಾರ್ತೊಯೊ, ಮಸೀದಿಯಲ್ಲಿ ದೇವರ ಹಾಡು ಹಾಡೋ ಗುಂಪಿನಿಂದ ಬಂದವನು. ತಾಳ ಪೊನಿಮಿನ್. ಕೊಳಲು ಮುಂದಿರ್. ಕೆಂದಾಂಗ್ ಕಸ್ಮಿನ್. ಹನ್ನೊಂದು ವರ್ಷ ಈ ಏಳು ಜನರಲ್ಲಿ ಒಬ್ಬನೂ ಬದಲಾಗಲಿಲ್ಲ. ಹಾಡೋಳು ಕಸ್ಮಿನ್‌ನ ಹೆಂಡತಿ ತಾತಿಕ್. ನಾವೆಲ್ಲ ಅಕ್ಕನ ಹಾಗೆ ಯು ತಾತಿಕ್, ಯು ತಾತಿಕ್ ಅಂತಿದ್ವಿ. ಅವಳ ದನಿ... ಏನು ಹೇಳಲಿ. ಮದುವೆ ಮನೆ ಹೆಂಗಸರು ಅನ್ನ ಬಡಿಸೋ ಸೌಟು ಹಿಡಿದುಕೊಂಡೇ ನಿಂತುಬಿಡೋರು.

ಮೂರನೇ ಹಾಡಿಗೆ ಮುಂಚೆ ದರ್ಸೊ ಮೈಕ್ ಹಿಡಿದು ಒಬ್ಬೊಬ್ಬರ ಹೆಸರು ಕೂಗೋರು. "ಕೊಳಲು... ಮುಂದಿರ್!" ಅವನು ಒಂದು ಸಣ್ಣ ತುಣುಕು ನುಡಿಸೋನು. "ಕೆಂದಾಂಗ್... ಕಸ್ಮಿನ್!" ದಂಗ್, ದುತ್. ಜನಕ್ಕೆ ಆ ಏಳು ಹೆಸರು ಬಾಯಿಪಾಠ. ದನ ಕಾಯೋ ಮಕ್ಕಳೂ ಅದೇ ಆಟ ಆಡೋರು.

ನಾನು ಅವರ ಜನರೇಟರ್, ಸ್ಪೀಕರ್, ಮೈಕು ನೋಡಿಕೊಳ್ತಿದ್ದೆ. ನನ್ನ ಗಾಡಿ ಬೇರೆ. ಅದಕ್ಕೇ ನಾನು ಇವತ್ತು ಇಲ್ಲಿ ಕೂತಿದೀನಿ.

ಬೆಟ್ಟದ ಕಡೆಯಿಂದ ವಾಪಸ್ ಬರುವಾಗ ಆಯ್ತು. ಇನ್ನೇನು ಬೆಳಕು ಹರೀಬೇಕು. ಸ್ಟಿಯರಿಂಗ್ ಹಿಡಿದಿದ್ದವರು ದರ್ಸೊ. ಬೇರೆಯವರ ಕೈಗೆ ಕೊಡ್ತಿರಲಿಲ್ಲ ಅವರು. ಮುಂದೆ ಅವರೂ ತಾತಿಕ್‌ಳೂ. ಹಿಂದೆ ಟಾರ್ಪಾಲಿನ ಕೆಳಗೆ ಏಳು ಜನ, ವಾದ್ಯಗಳ ಮಧ್ಯೆ, ನಿದ್ದೇಲಿ. ದರ್ಸೊಗೂ ಕಣ್ಣು ಹತ್ತಿತು. ಗಾಡಿ ಸಣ್ಣ ಸೇತುವೆಯಿಂದ ಕಾಲುವೆಗೆ ಬಿತ್ತು. ನಾನು ಹತ್ತು ನಿಮಿಷ ಹಿಂದಿದ್ದೆ. ಬಂದಾಗ ನೀರಿನ ಒಳಗೆ ಹೆಡ್‌ಲೈಟ್ ಇನ್ನೂ ಉರೀತಿತ್ತು. ತಾತಿಕ್ ದಡದ ಮೇಲೆ ಕೂತು ಒಂದೊಂದೇ ಹೆಸರು ಕೂಗ್ತಿದ್ದಳು.

ಏಳು ಜನರಲ್ಲಿ ಒಬ್ಬನೂ ಉಳೀಲಿಲ್ಲ. ಕಸ್ಮಿನ್‌ನ ಎಳೆದದ್ದು ನಾನೇ. ಎಡಗೈ ವಾದ್ಯದ ಕಬ್ಬಿಣದ ಪೆಟ್ಟಿಗೆ ಕೆಳಗೆ ಸಿಕ್ಕಿತ್ತು. ಮೊಣಕೈಯಿಂದ ಆಚೆಗೆ ಏನೂ ಇರಲಿಲ್ಲ.

ಸತ್ತವರ ನೂರನೇ ದಿನದ ಊಟ ಮುಗಿದ ವಾರಕ್ಕೇ ದರ್ಸೊ ಹೊಸ ತಂಡ ಕಟ್ಟಿದರು. ಏಳು ಜನ ಹೊಸಬರು. ಕೊಳಲಿಗೆ ನಮ್ಮ ವಾಸಿಸ್. ಇಪ್ಪತ್ತೆರಡು ವರ್ಷ ಆಗ ಅವನಿಗೆ. ಊರವರು ಛೀ ಥೂ ಅಂದರು. "ಅವರು ಕಟ್ಟಿದ ಹೆಸರು. ನಾನು ಮುಳುಗಿಸಲ್ಲ" ಅಂತ ಇಷ್ಟೇ ಹೇಳಿದರು ದರ್ಸೊ. ತಾತಿಕ್ ಆಗಲೇ ಗಂಡನ ಮನೆಗೆ ಬೀಗ ಹಾಕಿ, ಐದು ವರ್ಷದ ಮಗಳನ್ನ ಕರ್ಕೊಂಡು ತಾಯಿ ಮನೆಗೆ ಬಂದಿದ್ದಳು. ಅವಳೂ ಹಾಡೋಕೆ ಒಪ್ಪಿದಳು. "ಮನೇಲಿ ಕೂತರೆ ಸದ್ದೇ ಇರಲ್ಲ ಪರ್ನೊ... ಆ ಸದ್ದಿಲ್ಲದ್ದು ತಡೆಯೋಕಾಗಲ್ಲ" ಅಂತ ನನ್ನ ಹತ್ತಿರ ಅಂದಿದ್ದಳು.

ಮೊದಲನೇ ಕಾರ್ಯಕ್ರಮ ಪಕ್ಕದೂರಲ್ಲಿ, ಯಾರದೋ ಮಗನ ಸುನ್ನತಿ ಊಟಕ್ಕೆ. ಮೂರನೇ ಹಾಡಿಗೆ ಮುಂಚೆ ದರ್ಸೊ ಮೈಕ್ ಹಿಡಿದರು.

"ಲೀಡ್ ಗಿಟಾರ್... ತುಕಿರಾನ್!"

ಹೊಸ ಹುಡುಗ ಮಿಕಮಿಕ ನೋಡಿದ. ಅವನ ಹೆಸರು ಬೇರೆ. ದರ್ಸೊ ನಿಲ್ಲಿಸಲಿಲ್ಲ. ಜಾಯಿಸ್, ಲೆಗಿಮಾನ್, ಹಾರ್ತೊಯೊ... ಏಳೂ ಹಳೇ ಹೆಸರೇ. ಜನ ಹುಚ್ಚೆದ್ದು ಚಪ್ಪಾಳೆ ಹೊಡೆದರು. ಕೆಲವರು ಅತ್ತರು. "ಕೊಳಲು... ಮುಂದಿರ್!" ಅಂದಾಗ ವಾಸಿಸ್ ಇನ್ನೂ ಕೊಳಲು ತುಟಿಗೆ ಇಟ್ಟಿರಲಿಲ್ಲ.

ಸ್ಪೀಕರಿನಲ್ಲಿ ಫೂ... ಫೂ... ಅಂತ ಎರಡು ಉಸಿರು ಬಂತು.

ನಾನು ಮೈಕಿನ ಗುಂಡಿಗಳ ಹತ್ತಿರ ಕೂತಿದ್ದೆ. ಗಾಳಿ ಅಂದುಕೊಂಡೆ. ಅಂದುಕೊಳ್ಳಲೇಬೇಕಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಎಲೆ ಮೇಲೆ ಅನ್ನ ಹಾಕಿಸಿಕೊಂಡು ಕೂತಿದ್ವಿ. ಕೀಬೋರ್ಡಿನ ಹೊಸ ಹುಡುಗ ಗೊಣಗಿದ, "ನುಡಿಸೋದು ನಾವು, ಚಪ್ಪಾಳೆ ಸತ್ತೋರಿಗೆ."

"ಅವರ ಹೆಸರಿಗೆ ಬಿತ್ತು ಅಂತ ಖುಷಿಪಡು. ನಿನ್ನ ನುಡಿಸೋದಕ್ಕಾಗಿದ್ದರೆ ಚಪ್ಪಲಿ ಬೀಳ್ತಿತ್ತು" ಅಂದ ಹೊಸ ಕೆಂದಾಂಗಿನವನು.

ಎಲ್ಲರೂ ನಕ್ಕರು. ವಾಸಿಸ್ ಮಾತ್ರ ದರ್ಸೊ ಹತ್ತಿರ ಹೋಗಿ ಮೆಲ್ಲಗೆ ಕೇಳಿದ, "ಪಾಕ್... ನನ್ನ ಹೆಸರು ಕರೀಲಿಲ್ಲ ನೀವು."

"ಕರೆದೆನಲ್ಲಪ್ಪ. ವಾಸಿಸ್ ಅಂತಲೇ ಕರೆದೆ." ದರ್ಸೊ ಅವನ ಮುಖ ನೋಡಿದರು. "ಯಾಕೆ... ಬೇರೆ ಏನಾದ್ರೂ ಅಂದೆನಾ?"

ಸುಳ್ಳು ಹೇಳೋ ಮುಖ ಅಲ್ಲ ಅದು. ಮುಂದಿನ ಸಲ ಹೊಸ ಹೆಸರುಗಳನ್ನ ದೊಡ್ಡ ಅಕ್ಷರದಲ್ಲಿ ಕಾಗದಕ್ಕೆ ಬರೆದು ಕೈಗೆ ಕೊಟ್ವಿ. ಕಾಗದ ನೋಡಿಕೊಂಡೇ ಹಳೇ ಹೆಸರು ಓದಿದರು. ಕೆಂದಾಂಗ್ ಕಸ್ಮಿನ್ ಅಂದಾಗ... ದಂಗ್. ಹೊಸಬನ ಎರಡೂ ಕೈ ತೊಡೆ ಮೇಲಿತ್ತು. ತಾತಿಕ್ ತಟ್ಟನೆ ಹಿಂದೆ ತಿರುಗಿದಳು. ಆ ತಿರುಗಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಹೆದರಿ ತಿರುಗಿದ್ದಲ್ಲ ಅದು. ಯಾರೋ ಮನೆಗೆ ಬಂದ ಹಾಗೆ.

ಮೂರನೇ ಕಾರ್ಯಕ್ರಮ ಮುಗಿದ ರಾತ್ರಿಯೇ ವಾಸಿಸ್ ಆಲದ ಮರದ ಹತ್ತಿರ ನಿಂತದ್ದು.

ಓಡಬೇಕಿತ್ತು ಅಂತೀರಿ. ಓಡೋಕೆ ಕಾಲು ಬರಬೇಕಲ್ಲ. ಬಾವಿಕಟ್ಟೆ ಕಡೆಯಿಂದ ಪಿಸುದನಿ ಬಂತಂತೆ.

"ವಾಸಿಸಾ?"

ಮುಂದಿರ್‌ದೇ ದನಿ.

"ಹೂಂ... ಗುರುಗಳೇ."

"ಚೆನ್ನಾಗಿ ಊದ್ತಿದೀಯ."

ಗಾಳಿ ನಿಂತಿತು. ಎಲೆ ಅಲುಗಲಿಲ್ಲ. ಆಮೇಲೆ ಅದೇ ದನಿ, ಇನ್ನೂ ಸಣ್ಣಗೆ.

"ನಾವು ಏಳೂ ಜನ ಇದೀವಿ. ಹಾಡೋರೊಬ್ಬರು ಇಲ್ಲ."

ವಾಸಿಸ್ ಕೊಳಲಿನ ಚೀಲ ಎದೆಗೆ ಅವಚಿಕೊಂಡ.

ಇನ್ನೊಂದು ದನಿ ಕೇಳಿತು. ದಪ್ಪ ದನಿ. ಕಸ್ಮಿನ್. "ಮನೆಗೆ ಹೋಗಿದ್ದೆ. ಬೀಗ ಹಾಕಿದೆ. ಎಲ್ಲಿದಾಳೆ ಅವಳು?"

ಇವನು ಹೇಳಿಬಿಟ್ಟ. ಹೆದರಿಕೆಗೆ... ಬಿಟ್ಟರೆ ಸಾಕು ಅಂತ. "ತಾಯಿ ಮನೇಲಿ. ಮಸೀದಿ ಹಿಂದೆ, ಹಸಿರು ಬಾಗಿಲು."

"ಹ್ಞಾಂ."

ಅಷ್ಟೇ. ಹಲ್ಲಿ ಮತ್ತೆ ಕೂಗಿತು. ಇವನು ಬಿದ್ದೂ ಎದ್ದೂ ಮನೆ ಸೇರಿದ.

ಬೆಳಿಗ್ಗೆ ನಾನು ಹೋದಾಗ ಮೈ ಕೆಂಡ. ಚಾಪೆ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎಲ್ಲ ಹೇಳಿದ. ನಾನು, "ಮದುವೆ ಮನೇಲಿ ಯಾವನೋ ನಿನಗೆ ಹೆಂಡ ಕುಡಿಸಿದಾನೆ ಕಣೋ" ಅಂದೆ.

"ಪರ್ನೊ ಅಣ್ಣಾ, ನಾನು ಹೇಳಬಾರದಿತ್ತು." ಅದನ್ನೇ ಮತ್ತೆ ಮತ್ತೆ ಹೇಳ್ತಿದ್ದ. "ಗೊತ್ತಿಲ್ಲ ಅನ್ನಬಹುದಿತ್ತು. ಒಂದು ಮಾತು. ಗೊತ್ತಿಲ್ಲ ಅಂತ."

ಅದೇ ರಾತ್ರಿ ಹಸಿರು ಬಾಗಿಲ ಮನೆಯ ಹಿಂದಿನ ಗೋಡೆಗೆ ಯಾರೋ ಬಡಿದರು. ತಾತಿಕ್‌ಳ ತಾಯಿ ಕೇಳಿದಳು. ದಂಗ್... ಖಾಲಿ... ದಂಗ್. ಬೆಳಗಿನ ಬಾಂಗ್ ಕೂಗೋವರೆಗೂ. ಮುದುಕಿ ಬೆಳಿಗ್ಗೆ ಹೋಗಿ ಗೋಡೆ ನೋಡಿದಳು. ಏನೂ ಇಲ್ಲ.

ಮೂರನೇ ದಿನ ತಾತಿಕ್ ತಾನೇ ವಾಸಿಸ್ ಮನೆಗೆ ಬಂದಳು. ಬಾವಿ ಹತ್ತಿರದ ಮಾತು ಅವಳ ಕಿವಿಗೂ ಬಿದ್ದಿತ್ತು. ನಾನೂ ಅಲ್ಲಿದ್ದೆ. ಬಾಗಿಲಲ್ಲೇ ನಿಂತು ಕೇಳಿದಳು, "ನೀನಾ ಹೇಳಿದ್ದು?"

"ನಾನೇ ಯು." ಅವನು ಅವಳ ಕಾಲು ಹಿಡಿದ. "ಹೊಡೀರಿ ನನಗೆ."

ಹೊಡೀಲಿಲ್ಲ. ಪಕ್ಕದಲ್ಲಿ ಕೂತಳು. ಮೆಲ್ಲಗೆ ಕೇಳಿದಳು, "ಹೇಗಿದಾರೆ?"

"ಕತ್ತಲಿತ್ತು ಯು. ಕಾಣಲಿಲ್ಲ."

"ದನಿ?"

"ದನಿ... ಹಾಗೇ ಇದೆ."

ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿತು, ಸದ್ದು ಬರಲಿಲ್ಲ. ನಾನು ಅಂದೆ, "ಯು, ಆ ಕಡೆ ಹೋಗಬೇಡಿ. ಆಣೆ ಮಾಡಿ."

"ನನಗೆ ಮಗಳಿದಾಳೆ ಪರ್ನೊ. ಹೋಗಲ್ಲ." ಎದ್ದಳು. ಹೋಗ್ತಾ ಒಂದು ಮಾತು ಅಂದಳು, "ಹೋಗಲ್ಲ ಅಂದೆ. ಬೇಡ ಅನ್ನಲಿಲ್ಲ."

ಊರಿನ ಮೌಲ್ವಿ ಹಸಿರು ಬಾಗಿಲ ಮನೆಗೆ ಬಂದು ಓದಿದರು. ನಾಲ್ಕು ಮೂಲೆಗೂ ಉಪ್ಪು ಹಾಕಿದರು. ಆ ರಾತ್ರಿಯೂ ಬಡಿತ ನಿಲ್ಲಲಿಲ್ಲ. ಆಗ ವಾಸಿಸ್ ನನ್ನ ತೋಳು ಹಿಡಿದ. "ನಾನು ಹೋಗಿ ಕೇಳ್ತೀನಿ. ಜೊತೆಗೆ ಬಾ."

ಹೋದ್ವಿ. ಸುಳ್ಳು ಯಾಕೆ, ನಾನು ಮರದವರೆಗೆ ಹೋಗಲಿಲ್ಲ. ಐವತ್ತು ಹೆಜ್ಜೆ ಹಿಂದೆ ಹೊಲದ ಬದುವಿನ ಮೇಲೆ ಟಾರ್ಚ್ ಹಿಡಿದು ನಿಂತೆ. ವಾಸಿಸ್ ಬಾವಿಕಟ್ಟೆವರೆಗೂ ಹೋದ. ಮೊದಲು ಇವನ ದನಿ ಕೇಳಿಸಿತು. "ಅವಳನ್ನ ಬಿಡಿ. ಬೇಕಾದರೆ ನನ್ನ ಕರ್ಕೊಳ್ಳಿ."

ಆಮೇಲೆ ನಾನೂ ಕೇಳಿದೆ. ಇದನ್ನ ಇಲ್ಲಿ ಯಾರ ತಲೆ ಮೇಲೆ ಬೇಕಾದರೂ ಕೈಯಿಟ್ಟು ಹೇಳ್ತೀನಿ. ಗಾಳಿಯಲ್ಲಿ ಬಂದ ಹಾಗೆ ಬಂತು. "ಕೊಳಲಿಗೆ ಮುಂದಿರ್ ಇದಾನೆ."

"ಹಾಗಾದರೆ ತಾಳ."

"ಪೊನಿಮಿನ್ ಇದಾನೆ."

"ಹಾಡ್ತೀನಿ... ಹಾಡೋದಕ್ಕೇ ಕರ್ಕೊಳ್ಳಿ."

ಆಗ ಅವರು ನಕ್ಕರು. ಏಳು ಜನ, ಒಟ್ಟಿಗೆ. ಬಾಯಿ ಮುಚ್ಚಿಕೊಂಡು ನಕ್ಕ ಹಾಗೆ, ಗಾಡಿಯ ಹಿಂದೆ ಕೂತು ನಗ್ತಿದ್ದರಲ್ಲ, ಥೇಟ್ ಹಾಗೆ. ಯಾರೋ ಅಂದರು, "ನಿನ್ನ ಹಾಡು ಕೇಳಿದೀವಪ್ಪ." ಜಾಯಿಸ್ ಇರಬೇಕು. ತಮಾಷೆ ಅವನದೇ.

ನನ್ನ ಕೈಯಿಂದ ಟಾರ್ಚ್ ಬಿತ್ತು.

"ಗುರುವಾರ ಎಲ್ಲಿ ಕಾರ್ಯಕ್ರಮ?" ಕಸ್ಮಿನ್ ಕೇಳಿದ.

ಈ ಸಲ ವಾಸಿಸ್ ಹೇಳಲಿಲ್ಲ. ತುಟಿ ಕಚ್ಚಿಕೊಂಡ, ರಕ್ತ ಬರೋ ಹಾಗೆ. ಆ ಗಾಯ ಆಮೇಲೆ ನಾನು ನೋಡಿದೆ.

"ಇರಲಿ ಬಿಡು" ಅಂದ ಕಸ್ಮಿನ್. ಸಿಟ್ಟಿಲ್ಲದೆ. "ದರ್ಸೊ ಹೇಳ್ತಾರೆ."

ಬೆಳಗಾಗೋದನ್ನೇ ಕಾದು ಇಬ್ಬರೂ ದರ್ಸೊ ಮನೆಗೆ ಹೋದ್ವಿ. ಅಂಗಳದಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ಕಾಫಿ ತಣ್ಣಗಾಗಿ ಮೇಲೆ ಇರುವೆ ತೇಲ್ತಿತ್ತು. ಗುರುವಾರದ್ದು ರದ್ದು ಮಾಡಿ ಅಂತ ಬೇಡಿಕೊಂಡ್ವಿ.

"ರದ್ದು ಹೇಗೆ ಮಾಡೋದು? ಎಲ್ಲರೂ ಬರ್ತಿದಾರೆ."

"ಯಾರು ಎಲ್ಲರೂ?" ಅಂದ ವಾಸಿಸ್.

ದರ್ಸೊ ಅವನ ಕಡೆ ನೋಡಲಿಲ್ಲ. "ಯಾರೂ ಜಾಗ ಬಿಟ್ಟುಕೊಟ್ಟಿಲ್ಲ ಮಗಾ. ಒಬ್ಬನೂ ನಿನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿಲ್ಲ. ನೇಮ ನಂದೇ."

"ನೀವೇ ಹೋಗಿ ಕೇಳಿ ಪಾಕ್. ನಿಮ್ಮ ಮಾತು ಅವರು ಮೀರಲ್ಲ. ಬಿಟ್ಟುಕೊಡಿ ಅಂತ ಒಂದು ಮಾತು ಕೇಳಿ."

"ನಾನಾ?" ಆಗ ನೋಡಿದರು. ಆ ಕಣ್ಣಲ್ಲಿ ಏನೂ ಉಳಿದಿರಲಿಲ್ಲ. "ಯಾವ ಬಾಯಲ್ಲಿ ಕೇಳಲಿ? ನಿದ್ದೆ ಮಾಡಿದೋನು ನಾನು."

ಗುರುವಾರ ತಾತಿಕ್ ಬರಲಿಲ್ಲ. ನಾವೇ ಬೇಡ ಅಂದ್ವಿ. ಬಾಗಿಲಿಗೆ ಅಗಳಿ ಹಾಕಿ, ಮಗಳನ್ನ ತಬ್ಬಿಕೊಂಡು ತಾಯಿ ಪಕ್ಕದಲ್ಲಿ ಇರಿ ಅಂತ ಹೇಳಿದ್ವಿ. ಅವಳ ಬದಲಿಗೆ ಪೇಟೆಯಿಂದ ಒಬ್ಬ ಹುಡುಗಿ ಬಂದಳು. ಪಾಪ, ಅವಳಿಗೆ ಏನೂ ಗೊತ್ತಿಲ್ಲ. ಎರಡು ಹಾಡು ಚೆನ್ನಾಗೇ ಹಾಡಿದಳು. ಮೂರನೇದಕ್ಕೆ ಮುಂಚೆ ದರ್ಸೊ ಎದ್ದರು. ನಾನು ಅವರ ಮೈಕಿನ ಗುಂಡಿ ಪೂರ್ತಿ ಕೆಳಗೆ ಇಳಿಸಿದೆ.

"ಲೀಡ್ ಗಿಟಾರ್... ತುಕಿರಾನ್!"

ಗುಂಡಿ ಸೊನ್ನೆಯಲ್ಲಿದೆ. ದನಿ ಸ್ಪೀಕರಿನಲ್ಲಿ ಬರ್ತಿದೆ. ಏಳೂ ಹೆಸರು ಬಂತು. ಏಳೂ ಹೆಸರಿಗೆ ಉತ್ತರ ಬಂತು. ವೇದಿಕೆ ಮೇಲಿದ್ದ ಹೊಸ ಹುಡುಗರು ವಾದ್ಯ ಕೆಳಗಿಟ್ಟು ಒಬ್ಬೊಬ್ಬರೇ ಹಿಂದೆ ಸರಿದರು. ಕೀಬೋರ್ಡಿನವನು ಹಿಂದಿನಿಂದ ಹಾರಿ ಗದ್ದೆಯಲ್ಲಿ ಓಡಿಯೇ ಬಿಟ್ಟ. ಆಮೇಲೆ ದರ್ಸೊ ಉಸಿರು ತಗೊಂಡು ಎಂಟನೇ ಹೆಸರು ಕೂಗಿದರು.

"ಹಾಡೋದು... ತಾತಿಕ್!"

ಬಂತು ಅವಳ ದನಿ.

ಪೇಟೆ ಹುಡುಗಿಯ ಕೈಯಲ್ಲಿದ್ದ ಮೈಕು ನಾನೇ ಕಿತ್ತುಕೊಂಡೆ. ತಂತಿ ಎಳೆದೆ. ಓಡಿಹೋಗಿ ಜನರೇಟರ್ ಆರಿಸಿದೆ. ಡಗ್ ಡಗ್ ಡಗ್... ನಿಂತಿತು. ದೀಪ ಎಲ್ಲ ಹೋಯ್ತು. ಕತ್ತಲಲ್ಲಿ ತಾತಿಕ್ ಹಾಡ್ತಾನೇ ಇದ್ದಳು. ಕೆಂದಾಂಗಿನಲ್ಲಿ ದಂಗ್ ಮಾತ್ರ ಇತ್ತು, ದುತ್ ಇರಬೇಕಾದ ಕಡೆ ಏನೂ ಇಲ್ಲ. ಅವಳು ಆ ಖಾಲಿ ಜಾಗ ಬಿಟ್ಟು ಬಿಟ್ಟು ಹಾಡ್ತಿದ್ದಳು... ಎಷ್ಟೋ ದಿನದಿಂದ ಜೊತೆಗೆ ಅಭ್ಯಾಸ ಮಾಡಿದ ಹಾಗೆ. ಅಷ್ಟು ಚೆನ್ನಾಗಿ ಅವಳು ಬದುಕಲ್ಲೇ ಹಾಡಿರಲಿಲ್ಲ. ಇದನ್ನ ಹೇಳೋಕೆ ನನಗೆ ನಾಚಿಕೆ ಆಗುತ್ತೆ, ಆದರೆ ನಾನು ಓಡೋದು ಬಿಟ್ಟು ನಿಂತು ಕೇಳಿದೆ. ಜನವೂ ಕತ್ತಲಲ್ಲೇ ಕೂತು ಕೇಳಿದರು. ಕರೆಂಟಿನ ತೊಂದರೆ ಅಂದುಕೊಂಡರೇನೋ.

ವಾಸಿಸ್ ಮಾತ್ರ ನಿಲ್ಲಲಿಲ್ಲ. ಯಾರದೋ ಮೋಟಾರ್ ಸೈಕಲ್ ತಗೊಂಡು ಹಸಿರು ಬಾಗಿಲ ಮನೆಗೆ ಹಾರಿಸಿದ.

ಅಗಳಿ ಹಾಕಿದ ಹಾಗೇ ಇತ್ತು. ಮುದುಕಿ ತೆಗೆದಳು. ತಾತಿಕ್ ಮಂಚದ ಮೇಲೆ ಕೂತಿದ್ದಳು, ತೊಡೆ ಮೇಲೆ ಮಗಳು. ವಾಸಿಸ್‌ಗೆ ಉಸಿರು ಬಂತು. "ಯು... ಇದೀರಾ" ಅಂದ.

ಅವಳು ಬಾಯಿ ತೆರೆದಳು.

ಬರೀ ಉಸಿರು.

ಮುದುಕಿ ಹೇಳಿದಳು, "ಮಗು ಮಲಗಿಸೋಕೆ ಹಾಡ್ತಿದ್ದಳಪ್ಪ. ನಡುವೆ ದನಿ ನಿಂತುಹೋಯ್ತು. ತುಟಿ ಮಾತ್ರ ಆಡ್ತಿತ್ತು. ಈಗ ತಾನೇ... ತುಟಿಯೂ ನಿಂತಿತು."

ಕೆದಿರಿಗೆ ಕರ್ಕೊಂಡು ಹೋದ್ವಿ. ಡಾಕ್ಟರು ಗಂಟಲಿಗೆ ದೀಪ ಹಾಕಿ ನೋಡಿ ಏನೂ ಆಗಿಲ್ಲ ಅಂದರು. ಸುರಬಾಯಾಗೂ ಹೋದ್ವಿ. ಅಲ್ಲೂ ಅದೇ ಮಾತು. ತಾತಿಕ್ ಆವತ್ತಿನಿಂದ ಒಂದು ಅಕ್ಷರ ಆಡಿಲ್ಲ. ಮಗಳ ಹೆಸರು ಕೂಡ.

ಲಾರಸ್ ಬಾಯು ಮುಗೀತು. ಹೊಸ ಹುಡುಗರು ದಿಕ್ಕಿಗೊಬ್ಬರಾದರು. ಇಬ್ಬರು ಬೇರೆ ಆರ್ಕೆಸ್ಟ್ರಾ ಸೇರಿದರು, ಕೆಂದಾಂಗಿನವನು ಈಗ ಮೀನು ಮಾರ್ತಾನೆ. ದರ್ಸೊ ಆ ವರ್ಷದ ಮಳೆಗಾಲಕ್ಕೆ ಮುಂಚೆ ತೀರಿಹೋದರು. ಕಡೇ ದಿನಗಳಲ್ಲಿ ಎಂಟು ಹೆಸರು ಒಂದೇ ಸಾಲಿಗೆ ಹೇಳ್ತಿದ್ದರು, ನೀರು ಬೇಕಾದರೂ ಅದನ್ನೇ ಹೇಳೋರು. ವಾಸಿಸ್ ಕಡಲಾಚೆ ಕಲಿಮಂತಾನಿನ ಎಣ್ಣೆ ತಾಳೆ ತೋಟಕ್ಕೆ ಕೂಲಿಗೆ ಹೋದ. ಊರಿಗೆ ಬಂದಿಲ್ಲ. ವರ್ಷಕ್ಕೊಮ್ಮೆ ಹಬ್ಬಕ್ಕೆ ಫೋನ್ ಮಾಡ್ತಾನೆ.

"ಮಾತಾಡಿದಳಾ?"

"ಇಲ್ಲ ಕಣೋ."

ಇಟ್ಟುಬಿಡ್ತಾನೆ. ನನ್ನ ಹೆಂಡತಿ ಮಕ್ಕಳು ಹೇಗಿದಾರೆ ಅಂತಲೂ ಕೇಳಲ್ಲ.

ಈಗ ಕಡೇದು. ಹೋದ ತಿಂಗಳು ಮುದುಕಿ ನನ್ನ ಕರೆಸಿದಳು. "ಗುರುವಾರ ರಾತ್ರಿ ಬಂದು ನಮ್ಮ ಜಗಲಿ ಮೇಲೆ ಮಲಕ್ಕೋ ಪರ್ನೊ. ನೀನೂ ನೋಡು. ನನಗೊಬ್ಬಳಿಗೇ ಕಾಣ್ತಿದೆಯೋ ಏನೋ" ಅಂದಳು. ಹೋದೆ. ತಾತಿಕ್ ಮುಖ ತೊಳೆದು, ಮಗಳ ಪಕ್ಕ ಮಲಗಿದ್ದನ್ನ ಕಣ್ಣಾರೆ ನೋಡಿದೆ. ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ್ದು ನಾನು. ಬಾಗಿಲಿಗೆ ಬೆನ್ನು ಕೊಟ್ಟು ಬೆಳಗಿನವರೆಗೂ ಕೂತಿದ್ದು ನಾನು. ಒಳಗೆ ಒಂದು ಸದ್ದಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಬಾಂಗ್ ಆದ ಮೇಲೆ ಚಿಲಕ ತೆಗೆದದ್ದೂ ನಾನೇ.

ತಾತಿಕ್‌ಳ ತುಟಿಗೆ ಕೆಂಪು ಬಣ್ಣ, ವೇದಿಕೆ ಹತ್ತುವಾಗ ಹಚ್ಚಿಕೊಳ್ತಿದ್ದ ಹಾಗೆ. ಕೆನ್ನೆಗೆ ಪೌಡರು, ಕಣ್ಣಿಗೆ ಕಪ್ಪು. ಬೆವರಿಗೆ ಸ್ವಲ್ಪ ಕರಗಿತ್ತು. ಆ ಮನೇಲಿ ಒಂದು ಬಣ್ಣದ ಡಬ್ಬಿ ಇಲ್ಲ, ನಾನೇ ಹುಡುಕಿದೀನಿ. ನಗೋರು ನಗಿ. ನಾಳಿದ್ದು ಮತ್ತೆ ಗುರುವಾರ, ಧೈರ್ಯ ಇದ್ದೋನು ನನ್ನ ಜೊತೆ ಬರಲಿ.

ಮಗಳಿಗೆ ಈಗ ಹದಿಮೂರು. ಎದ್ದಳು. ನನ್ನ ಕಡೆ ನೋಡಲೂ ಇಲ್ಲ. ಅಡುಗೆಮನೆಯಿಂದ ಒದ್ದೆ ಬಟ್ಟೆ ತಂದು, ತಾಯಿಯ ಗಲ್ಲ ಹಿಡಿದು, ತುಟಿ ಒರೆಸೋಕೆ ಶುರು ಮಾಡಿದಳು.